ಕೆದಕಿದ ಅವರೆ

ಲಾಕ್‌ಡೌನಿನಲ್ಲಿ ಮನೆಯೊಳಗೇ ಉಳಿದ ಗುರುಬಸಪ್ಪ ಬಾಲ್ಕನಿಯಲ್ಲಿದ್ದ ಹಳೆಯ ಪೇಂಟ್ ಡಬ್ಬಿಗೆ ಮಣ್ಣು ತುಂಬಿ ಒಂದು ಅವರೆ ಬೀಜ ಬಿತ್ತಿದರು. ಆಮೇಲೆ ದಿನಾ ಬೆಳಿಗ್ಗೆ ಅದನ್ನು ಕೆದಕಿ ತೆಗೆದು, ಮೊಳಕೆ ಬಂತೇ ಎಂದು ನೋಡಿ, ಮತ್ತೆ ಹೂಳುತ್ತಿದ್ದರು.

"ಹೀಗೇ ಆದರೆ ನಾನು ಕೊಳೆತೇ ಹೋಗುತ್ತೇನೆ. ಬೇರು ಬಿಡಲು ಪುರುಸೊತ್ತೇ ಇಲ್ಲ," ಎಂದು ಬೀಜ ಅದೇ ಮಣ್ಣಿನಲ್ಲಿದ್ದ ಎರೆಹುಳುವಿನ ಬಳಿ ಗೋಳಾಡಿತು.

"ನಾಳೆ ನಾನು ನೋಡಿಕೊಳ್ಳುತ್ತೇನೆ," ಎಂದಿತು ಎರೆಹುಳು.

ಮರುದಿನ ಅದು ಗುರುಬಸಪ್ಪನವರ ಬೆರಳಿಗೆ ಸುತ್ತಿಕೊಂಡಿತು. "ಹಾವು!" ಎಂದು ಕಿರುಚಿ ಓಡಿದವರು ವಾರವಿಡೀ ನೀರನ್ನೂ ಕಿಟಕಿಯಿಂದಲೇ ಚಿಮುಕಿಸಿದರು. ಎಂಟನೆಯ ದಿನ ಎರಡೆಲೆ ಮೇಲೆದ್ದವು.

"ನೋಡೇ ನೀಲಾ, ನಾನು ದಿನಾ ವಿಚಾರಿಸಿಕೊಂಡಿದ್ದಕ್ಕೇ ಗಿಡ ಬಂತು!" ಎಂದು ಅವರು ಹೆಂಡತಿಯನ್ನು ಕೂಗಿದರು.

ಅವರೆ ಗಿಡ ಸಿಟ್ಟಿನಿಂದ ಬಾಯಿ ತೆರೆಯುವಷ್ಟರಲ್ಲಿ ಎರೆಹುಳು ಪಿಸುಗುಟ್ಟಿತು: "ಸುಮ್ಮನೆ ಹೂಂ ಅನ್ನು. ಸಂಶಯ ಬಂದರೆ ಬೇರನ್ನೂ ಕಿತ್ತು ನೋಡಿಬಿಡುವ ಆಸಾಮಿ ಅವರು."