ನಾಲ್ಕನೆಯ ವರ್ಷಕ್ಕೆ ಸೇರಿದವನು

“ಗುರುಗಳೇ, ನಿಮ್ಮ ಬಳಿ ಕಲಿಯಬೇಕಾದದ್ದು ಮುಗಿಯಿತು. ಮುಂದಿನ ಓದಿಗೆ ಎರಡು ವಿದ್ಯಾಪೀಠಗಳು ನನ್ನನ್ನು ಸೇರಿಸಿಕೊಳ್ಳಲು ಒಪ್ಪಿವೆ. ಯಾವುದಕ್ಕೆ ಹೋಗಲಿ?” ಎಂದು ಚನ್ನಮಲ್ಲನೆಂಬ ಶಿಷ್ಯ ಕೇಳಿದ.

“ಮುಗಿಯಿತೇ? ಸಂತೋಷ. ಹಾಗಾದರೆ ಕೂತುಕೋ,” ಎಂದು ಗುರುಗಳು ಈ ಕತೆ ಹೇಳಿದರು.

ಒಬ್ಬ ವಿದ್ಯಾರ್ಥಿ ಹಳ್ಳಿಯ ವೈದ್ಯನೊಬ್ಬನ ಬಳಿ ಮೂರು ವರ್ಷ ವೈದ್ಯವಿದ್ಯೆ ಕಲಿತ. ಆ ವೈದ್ಯನಿಗೆ ಗೊತ್ತಿದ್ದದ್ದು ಸುತ್ತಲಿನ ಸೊಪ್ಪು, ತೊಗಟೆ, ಕಷಾಯ. ಅಷ್ಟನ್ನೂ ಮುಚ್ಚುಮರೆಯಿಲ್ಲದೆ ಹೇಳಿಕೊಟ್ಟ. ವೈದ್ಯನ ಹೆಂಡತಿ ಮೂರು ವರ್ಷವೂ ಅವನಿಗೆ ಅನ್ನ ಹಾಕಿದಳು. ಕೊನೆಗೊಂದು ದಿನ ವೈದ್ಯ, “ನನ್ನಲ್ಲಿ ಇದ್ದದ್ದು ಇಷ್ಟೇ ಮಗಾ. ಇನ್ನು ದೊಡ್ಡ ಕಡೆ ಹೋಗು,” ಎಂದು ಕಳಿಸಿಕೊಟ್ಟ.

ಆಗ ಎರಡು ದೊಡ್ಡ ವೈದ್ಯಶಾಲೆಗಳಿದ್ದವು. ಮೊದಲನೆಯದರಲ್ಲಿ ಅವನ ಮೂರು ವರ್ಷವನ್ನು ಗಣನೆಗೇ ತೆಗೆದುಕೊಳ್ಳಲಿಲ್ಲ. ಮೊದಲ ವರ್ಷದ ಮಕ್ಕಳ ಜೊತೆ ಕೂರು ಎಂದರು. ಎರಡನೆಯದರಲ್ಲಿ, ಮೂರು ವರ್ಷ ಕಲಿತಿದ್ದೀಯಲ್ಲ, ನೇರವಾಗಿ ನಾಲ್ಕನೆಯ ವರ್ಷಕ್ಕೆ ಸೇರಿಕೋ ಎಂದರು. ಮೀಸೆ ಬಂದ ಮೇಲೆ ಚಿಕ್ಕ ಮಕ್ಕಳ ಸಾಲಿನಲ್ಲಿ ಹೋಗಿ ಕೂರಲು ಯಾರು ತಾನೆ ಒಪ್ಪುತ್ತಾರೆ? ಅವನು ಎರಡನೆಯದನ್ನು ಆರಿಸಿಕೊಂಡ. ಅದರಲ್ಲಿ ನಾನು ತಪ್ಪು ಹುಡುಕುವುದಿಲ್ಲ.

ಅಲ್ಲಿ ನಾಲ್ಕನೆಯ ವರ್ಷದವರಿಗೆ ಒಂದು ವಿಷದ ಬೇರಿನಿಂದ ಕೀಲುನೋವಿಗೆ ಔಷಧಿ ಮಾಡುವುದನ್ನು ಕಲಿಸುತ್ತಿದ್ದರು. ಬೇರನ್ನು ಭರಣಿಯಿಂದ ತೆಗೆದುಕೊಡುತ್ತಿದ್ದರು. ಅದು ಕಪ್ಪಗಿರುತ್ತಿತ್ತು. ಅಗೆದು ತೆಗೆದ ಬೇರು ಒಳಗೆ ಬೆಳ್ಳಗಿರುತ್ತದೆ ಎಂಬುದನ್ನು ಅವನು ಹಳ್ಳಿಯಲ್ಲೇ ಕಂಡಿದ್ದ. ಇದು ಕಪ್ಪಾದದ್ದು ಹೇಗೆ ಎಂಬ ಪ್ರಶ್ನೆ ಬಾಯಿಯವರೆಗೂ ಬಂತು. ಆದರೆ ಅಕ್ಕಪಕ್ಕದವರೆಲ್ಲ ನಿಶ್ಚಿಂತೆಯಿಂದ ಅರೆಯುತ್ತಿದ್ದರು. ಕೇಳಿದರೆ ಹಳ್ಳಿಯಿಂದ ಬಂದವನ ಬಣ್ಣ ಬಯಲಾಗುವುದಿಲ್ಲವೇ? ಒಣಗಿದರೆ ಕಪ್ಪಾಗುತ್ತದೇನೋ ಎಂದು ತನಗೆ ತಾನೇ ಸಮಾಧಾನ ಹೇಳಿಕೊಂಡು ಅವನೂ ಅರೆದ. ಎರಡು ವರ್ಷಗಳಲ್ಲಿ ಎಲ್ಲ ಪರೀಕ್ಷೆಗಳನ್ನೂ ಗೆದ್ದು, ಶಾಲು ಹೊದಿಸಿಕೊಂಡು ಹಳ್ಳಿಗೆ ಬಂದ.

ವೈದ್ಯನ ಹೆಂಡತಿಗೆ ಆಗ ಮಂಡಿನೋವು. ಅವನು ಅದೇ ಬೇರು ತರಿಸಿ, ಬಿಸಿಲಿಗೆ ಒಣಗಿಸಿ, ಅರೆಯಲು ಕೂತ. ಬೇರು ಕಪ್ಪಾಗಿರಲಿಲ್ಲ. ಅದು ಅವನ ಕಣ್ಣಿಗೂ ಬಿತ್ತು. ಪಕ್ಕದಲ್ಲಿ ನಿಂತಿದ್ದ ವೈದ್ಯ ಅಳುಕುತ್ತ ಕೇಳಿದ: “ಇದು ವಿಷವಲ್ಲವೇನಪ್ಪಾ? ಹಾಗೇ ಕೊಡಬಹುದೇ?”

“ನಮ್ಮ ಶಾಲೆಯಲ್ಲಿ ಹೀಗೇ ಕೊಡುವುದು,” ಎಂದ ಅವನು.

ವೈದ್ಯನಿಗೂ ನಾಚಿಕೆ. ದೊಡ್ಡ ಶಾಲೆಯಲ್ಲಿ ಕಲಿತು ಬಂದವನನ್ನು ಎರಡನೆಯ ಸಲ ಕೇಳುವುದು ಹೇಗೆ? ಆಕೆ, ನಮ್ಮ ಹುಡುಗ ಮಾಡಿದ ಔಷಧಿ ಎಂದು ನೆರೆಯವರಿಗೆಲ್ಲ ಹೇಳಿ, ನಗುತ್ತಲೇ ನುಂಗಿದಳು. ಹೊತ್ತು ಇಳಿಯುವ ಮೊದಲೇ ಸತ್ತಳು. ಹೇಳಲು ಸಂಕಟವಾಗುತ್ತದೆ. ಅವಳಿಗಿದ್ದದ್ದು ಬರೀ ಮಂಡಿನೋವು.

ಅವನು ಓಡಿಹೋಗಿ ವೈದ್ಯಶಾಲೆಯ ಹಿರಿಯರ ಕಾಲಿಗೆ ಬಿದ್ದು ನಡೆದದ್ದನ್ನೆಲ್ಲ ಹೇಳಿದ. ಅವರು ಬೆಚ್ಚಿಬಿದ್ದರು. “ಆ ಬೇರನ್ನು ಗೋಮೂತ್ರದಲ್ಲಿ ನೆನೆಸಿ, ವಿಷ ಇಳಿಸಿದ ಮೇಲೆಯೇ ಭರಣಿಗೆ ಹಾಕುವುದು. ಅದು ಎರಡನೆಯ ವರ್ಷದ ಪಾಠ. ನಿನಗೆ ಗೊತ್ತಿದೆ ಎಂದುಕೊಂಡಿದ್ದೆವಲ್ಲಪ್ಪಾ!” ಎಂದರು. ಆಮೇಲೆ ಅವನು ಯಾರ ನಾಡಿಯನ್ನೂ ಮುಟ್ಟಲಿಲ್ಲ.

ಗುರುಗಳು ಕತೆ ನಿಲ್ಲಿಸಿದರು.

“ಹಾಗಾದರೆ ಅವನು ಮೊದಲನೆಯ ಶಾಲೆಗೇ ಹೋಗಬೇಕಿತ್ತು, ಅಲ್ಲವೇ ಗುರುಗಳೇ?” ಎಂದ ಚನ್ನಮಲ್ಲ.

“ಶಾಲೆಯ ಮಾತು ಆಮೇಲೆ. ನಾನು ಕಲಿಸಿದ್ದರಲ್ಲಿ ತಿಳಿಯದಿದ್ದರೂ ನೀನು ತಲೆಯಾಡಿಸಿ ಬಿಟ್ಟದ್ದು ಯಾವುದು, ಅದನ್ನು ಈಗ ಹೇಳು,” ಎಂದರು ಗುರುಗಳು.