ಮೂರು ಕಲ್ಲಿಗೆ ಪಾಠ ಹೇಳಿದವಳು

ನಿದ್ದೆ ಬಂದವರು ಗೋಡೆಗೆ ಒರಗಿಕೊಳ್ಳಿ, ಬಾರದವರು ಹತ್ತಿರ ಬನ್ನಿ. ಹೆಬ್ಬಂಡೆ ಅಂತ ಒಂದು ರಾಜ್ಯ ಇತ್ತು. ಅಲ್ಲಿನ ರಾಜ, ರಾಣಿ ಇಬ್ಬರೂ ಒಂದೇ ಮಳೆಗಾಲದಲ್ಲಿ ಜ್ವರ ಬಂದು ತೀರಿಕೊಂಡರು. ಉಳಿದವಳು ಒಬ್ಬಳೇ ಮಗಳು, ಹೊನ್ನಾಜಿ. ಅವಳು ದೊಡ್ಡವಳಾಗುವ ತನಕ ರಾಜ್ಯ ನೋಡಿಕೊಳ್ಳಲು ಮಂತ್ರಿ ಗಂಗರಸ ಕೂತ. ಕೂತವನಿಗೆ ಗಾದಿ ಮೆತ್ತಗಿತ್ತು. ಏಳುವ ಮನಸ್ಸಾಗಲಿಲ್ಲ.

ಆ ರಾಜ್ಯದಲ್ಲೊಂದು ಕಟ್ಟಳೆ. ಪಟ್ಟಕ್ಕೆ ಬರುವವರಿಗೆ ಮೂರು ವಿದ್ಯೆ ಬರಬೇಕು. ಕೆರೆಯ ವಿದ್ಯೆ, ಮದ್ದಿನ ವಿದ್ಯೆ, ನಕ್ಷತ್ರದ ವಿದ್ಯೆ. ಒಂದಕ್ಕೂ ಇನ್ನೊಂದಕ್ಕೂ ನಂಟಿಲ್ಲ. ತುಂಬಿದ ಸಭೆಯಲ್ಲಿ ಮೂವರು ಹಿರಿಯರು ಪರೀಕ್ಷೆ ಮಾಡುತ್ತಾರೆ. ಸೋತರೆ ಪಟ್ಟ ಮಂತ್ರಿಗೆ.

ಗಂಗರಸ ಏನು ಮಾಡಿದ ಗೊತ್ತೇ? ಮೂರು ಗಾಡಿ ತುಂಬ ಓಲೆಗರಿ ಹೇರಿಸಿ, ಹುಡುಗಿಯನ್ನೂ ಹತ್ತಿಸಿ, ಬೆಟ್ಟದ ಮೇಲಿನ ಹಳೇ ಕೋಟೆಗೆ ಕಳಿಸಿದ. "ಮಗಳೇ, ನಿನಗೆ ಏನೂ ಕಡಿಮೆ ಮಾಡಿಲ್ಲ. ಕೂತು ಓದವ್ವ," ಅಂದ. ಜನ "ಎಂಥ ಧರ್ಮಾತ್ಮ!" ಅಂತ ಕೈಮುಗಿದರು. ಗುರುವನ್ನು ಮಾತ್ರ ಕಳಿಸಲಿಲ್ಲ. ಬಾಗಿಲಿಗೆ ಕೆಂಚೀರ ಅನ್ನೋ ಕಾವಲುಗಾರನನ್ನು ನಿಲ್ಲಿಸಿ, "ಅವಳ ಜೊತೆ ಒಂದೇ ಒಂದು ಮಾತಾಡಿದೆಯೋ, ನಿನ್ನ ನಾಲಿಗೆ ಇರಲ್ಲ," ಅಂದ. ಗರಿಯ ರಾಶಿಯಲ್ಲಿ ಹುಡುಗಿ ಮುಳುಗಿ ಹೋಗ್ತಾಳೆ ಅಂತ ಅವನ ಲೆಕ್ಕಾಚಾರ.

ಮುಳುಗಿಯೇ ಹೋದಳು. ಒಂದು ಗರಿ ಕೆರೆ, ಒಂದು ಗರಿ ಮದ್ದು, ಒಂದು ಗರಿ ನಕ್ಷತ್ರ ಅಂತ ಬಾಚಿ ಬಾಚಿ ಓದಿದಳು. ಕೊನೆಗೆ ಕೆರೆಗೆ ಕಷಾಯ ಕುಡಿಸಬೇಕೋ, ಜ್ವರ ಬಂದವನಿಗೆ ತೂಬು ಎತ್ತಿ ನೀರು ಬಿಡಬೇಕೋ ತಿಳಿಯದಾಯಿತು. ನಗಬೇಡ್ರೋ. ಕೇಳೋಣ ಅಂದರೆ ಅವಳಿಗೆ ಯಾರಿದ್ದರು? ಬಾಗಿಲ ಹತ್ತಿರ ಹೋಗಿ "ಅಣ್ಣಾ," ಅಂತ ಕರೆದಳು. ಆಚೆಯಿಂದ ಒಂದು ಕೆಮ್ಮು ಕೇಳಿಸಿತು, ಮಾತು ಬರಲಿಲ್ಲ. ಅವತ್ತು ಅತ್ತಳು ನೋಡಿ, ತಾಯಿ ಹೋದಾಗಲೂ ಅಷ್ಟು ಅತ್ತಿರಲಿಲ್ಲ. ಆಗ ಜೊತೆಗೆ ಅಳುವವರಾದರೂ ಇದ್ದರು.

ಹೊಟ್ಟೆ ಕೇಳಬೇಕಲ್ಲ. ಬೇಸರದಲ್ಲಿ ಹುರುಳಿ, ಅಲಸಂದೆ, ಹೆಸರು ಮೂರನ್ನೂ ಒಂದೇ ಮಡಕೆಗೆ ಸುರಿದು ಒಲೆಗಿಟ್ಟಳು. ಹೆಸರು ಕರಗಿ ಅಂಬಲಿಯಾಯಿತು, ಹುರುಳಿ ಹಲ್ಲಿಗೆ ಕಲ್ಲಾಗಿ ಸಿಕ್ಕಿತು. "ಅಯ್ಯೋ ಪೆದ್ದಿ! ಗಟ್ಟಿ ಕಾಳು ಮೊದಲು ಹಾಕಬೇಕು. ಒಂದೊಂದಕ್ಕೂ ಅದರದರ ಹೊತ್ತು," ಅಂತ ತನಗೆ ತಾನೇ ಬೈದುಕೊಂಡಳು. ಬೈದುಕೊಂಡವಳು ಗರಿಯ ರಾಶಿ ನೋಡುತ್ತಾ ಹಾಗೇ ಕೂತುಬಿಟ್ಟಳು.

ಮಾರನೇ ದಿನದಿಂದ ಹೊತ್ತು ಹಂಚಿದಳು. ಕೆರೆಯ ವಿದ್ಯೆ ಗಟ್ಟಿ ಕಾಳು, ಅದು ಬೆಳಗ್ಗೆ, ತಲೆ ತಣ್ಣಗಿರುವಾಗ. ಮಧ್ಯಾಹ್ನ ಮದ್ದು. ಸಂಜೆ ನಕ್ಷತ್ರ. ಒಂದರಲ್ಲಿ ಮನಸ್ಸು ದಣಿದರೆ ಅಂಗಳ ಸುತ್ತಿ ಬಂದು ಇನ್ನೊಂದನ್ನು ಹಿಡಿಯುವಳು. ದಿನಕ್ಕೆ ಒಂದು ಹಿಡಿಯಷ್ಟೇ, ರಾಶಿಯಲ್ಲ.

ಇನ್ನು ಮುಖ್ಯವಾದ್ದು ಕೇಳಿ. ಮೂರು ಗುಂಡುಕಲ್ಲು ತಂದು ಬಾಗಿಲ ಬಳಿ ಕೂರಿಸಿದಳು. ಗರಿ ಕಟ್ಟಿಟ್ಟು, ಓದಿದ್ದನ್ನು ನೋಡದೆ ಕಲ್ಲಿಗೆ ಹೇಳುವಳು. "ಕೆರೆಯಪ್ಪಾ, ಇವತ್ತಿಂದು ಕೇಳು. ಮದ್ದಮ್ಮಾ, ನೀನು ಕೇಳು. ಚುಕ್ಕಿಯಣ್ಣಾ, ತೂಕಡಿಸಬೇಡ." ತಡವರಿಸಿದರೆ "ತಡಿ, ನೆನೆಸ್ಕೋತೀನಿ," ಅನ್ನುವಳು. ಎಷ್ಟು ನೆನೆಸಿದರೂ ಬರದಿದ್ದರೆ ಮಾತ್ರ ಗರಿ ಬಿಚ್ಚುವಳು. ನಿನ್ನೆಯದನ್ನು ಇವತ್ತು, ಹೋದ ಹುಣ್ಣಿಮೆಯದನ್ನು ಈ ಹುಣ್ಣಿಮೆಗೆ ಮತ್ತೆ ಹೇಳುವಳು. ಕಲ್ಲು ಹೌದು ಅನ್ನಲಿಲ್ಲ, ಅಲ್ಲ ಅನ್ನಲಿಲ್ಲ. "ಒಂದು ಸಲ ಹೂಂ ಅನ್ನಬಾರದಾ?" ಅಂತ ಬೇಡುವಳು. ಬಾಗಿಲ ಆಚೆ ಕಾವಲುಗಾರ ಕೆಮ್ಮುವುದು ಬಿಟ್ಟರೆ ಬೇರೆ ಸದ್ದಿಲ್ಲ. ಒಂಟಿತನ ಅಂದರೆ ಅದು, ಮಕ್ಕಳೇ.

ಹೀಗೇ ವರ್ಷಗಳು ಕಳೆದವು. ಒಂದು ದಿನ ಮಂತ್ರಿ ಬೆಟ್ಟ ಹತ್ತಿ ಬಂದು ಕಿಟಕಿಯಲ್ಲಿ ಇಣುಕಿದ. ಹುಡುಗಿ ತಡವರಿಸದೆ ಹೇಳುತ್ತಿದ್ದಾಳೆ! ಅಂದೇ ಗಾಡಿ ತರಿಸಿ ಗರಿಯನ್ನೆಲ್ಲ ಹೇರಿಸಿಕೊಂಡು ಹೋದ. ಹೊನ್ನಾಜಿ ಸಂಜೆ ಎಂದಿನಂತೆ ಕಲ್ಲುಗಳ ಮುಂದೆ ಕೂತಳು. ಗರಿ ಹೋಗಿತ್ತು, ಕಲಿತದ್ದು ಹೋಗಿರಲಿಲ್ಲ.

ಪರೀಕ್ಷೆಯ ದಿನ ಬಂತು. ಹಿರಿಯರು ಬಾಯಿ ತೆರೆಯುವ ಮೊದಲೇ ಮಂತ್ರಿ ಎದ್ದ. "ಏನು ಹೇಳಲಿ ಮಹಾಜನರೇ, ಮಗುವಿಗೆ ಬುದ್ಧಿ ಸ್ವಾಧೀನದಲ್ಲಿಲ್ಲ. ಕಲ್ಲಿನ ಜೊತೆ ಮಾತಾಡ್ತಾಳೆ. ಬೇಕಾದರೆ ಕಾವಲುಗಾರನನ್ನೇ ಕೇಳಿ."

ಕೆಂಚೀರ ತಲೆ ತಗ್ಗಿಸಿ, "ಹೌದು ಬುದ್ಧಿ, ಕಲ್ಲಿನ ಜೊತೆ ಮಾತಾಡ್ತಿದ್ರು," ಅಂದ.

ಹೊನ್ನಾಜಿ ಅವನ ಕಡೆ ತಿರುಗಿ ಕೇಳಿದಳು. "ಅಣ್ಣಾ, ನಾನು ಏನು ಮಾತಾಡ್ತಿದ್ದೆ ಅಂತಲೂ ಹೇಳು."

ಮಂತ್ರಿ ಕಣ್ಣು ಕೆಂಪಗೆ ಮಾಡಿದ. ಕೆರೆಯ ಹಿರಿಯ, "ಹೇಳಪ್ಪ, ನಿನ್ನ ನಾಲಿಗೆಗೆ ಈ ಸಭೆಯೇ ಕಾವಲು," ಅಂದ.

"ಮೊದಲನೇ ಕಲ್ಲಿಗೆ ಹೇಳಿದ್ರು. ಕೆರೆಯ ಮಣ್ಣಿನ ಏರಿ ಜಿನುಗಿದರೆ ನೀರಿನ ಬಣ್ಣ ನೋಡು. ತಿಳಿನೀರಾದರೆ ಹೆದರಬೇಡ. ಮಣ್ಣು ಬೆರೆತು ಬಂದರೆ... ಬಂದರೆ... ಮರೆತೋಯ್ತು ತಾಯಿ."

"ಏರಿ ಒಳಗೇ ಕೊರೆಯುತ್ತಿದೆ. ತಗ್ಗಿನ ಜನರನ್ನು ದಿಬ್ಬಕ್ಕೆ ಕಳಿಸು, ತೂಬು ಎತ್ತಿ ಕೆರೆಯ ನೀರು ಇಳಿಸು," ಅಂದಳು ಹೊನ್ನಾಜಿ. ಕೆರೆಯ ಹಿರಿಯ ತಲೆದೂಗಿದ.

"ಎರಡನೇ ಕಲ್ಲಿಗೆ, ವಾಂತಿಭೇದಿ ಆದವರಿಗೆ ಉಪ್ಪು ಹಾಕಿದ ಗಂಜಿನೀರು ಕೊಡು. ಹೆಂಗೆ ಕೊಡಬೇಕು ಅಂದರೆ..."

"ಗುಟುಕು ಗುಟುಕಾಗಿ. ಒಮ್ಮೆಲೇ ಸುರಿದರೆ ಎಲ್ಲಾ ಹೊರಗೆ." ಮದ್ದಿನ ಹಿರಿಯ ತಲೆದೂಗಿದ.

"ಮೂರನೇ ಕಲ್ಲಿಗೆ, ಕಾರ್ತಿಕದಲ್ಲಿ ದೀಪ ಹಚ್ಚೋ ಹೊತ್ತಿಗೆ ಪೂರ್ವದಲ್ಲಿ ಮೂಡೋದು..."

"ಕೃತ್ತಿಕೆ," ಅಂದಳು ಹೊನ್ನಾಜಿ. ನಕ್ಷತ್ರದ ಹಿರಿಯ ಎದ್ದೇ ನಿಂತ. "ಇದು ಹುಚ್ಚಾದರೆ ಮಂತ್ರಿಗಳಿಗೂ ಒಂದಿಷ್ಟು ಹಿಡಿಯಲಿ!" ಸಭೆಯೆಲ್ಲ ಗೊಳ್ಳೆಂದಿತು. ಹಿರಿಯರು ಇನ್ನೂ ನೂರೆಂಟು ಕೇಳಿದರು, ಅವಳು ಎಲ್ಲಕ್ಕೂ ಹೇಳಿದಳು. ತಾನು ತೋಡಿದ ಗುಂಡಿಗೆ ಮಂತ್ರಿ ತಾನೇ ಬಿದ್ದ.

ಪಟ್ಟವೇರಿದ ಹೊನ್ನಾಜಿ ಗಂಗರಸನನ್ನು ಅದೇ ಕೋಟೆಗೆ, ಅದೇ ಮೂರು ಗಾಡಿ ಗರಿಯ ಜೊತೆ ಕಳಿಸಿದಳು. "ಕೂತು ಓದಪ್ಪ," ಅಂದಳು. ಆಮೇಲೆ ಕಾವಲಿನವರಿಗೆ ಹೇಳಿದಳು. "ಅವನ ಜೊತೆ ಮಾತಾಡಿ. ಮಾತಿಲ್ಲದ ಶಿಕ್ಷೆ ಯಾರಿಗೂ ಬೇಡ."

ಸಭೆ ಕರಗಿದ ಮೇಲೆ ಕೆಂಚೀರ ಕಾಲಿಗೆ ಬಿದ್ದ. "ವಾಂತಿಭೇದಿ ಬಂದಾಗ ಆ ಗಂಜಿನೀರಿನಲ್ಲೇ ನನ್ನ ಮಗಳು ಉಳಕೊಂಡ್ಲು, ತಾಯಿ."

ಹೊನ್ನಾಜಿ ಅವನನ್ನು ಎಬ್ಬಿಸಿದಳು. ಅವಳ ಕಣ್ಣು ತುಂಬಿತ್ತು. "ಅಷ್ಟು ವರ್ಷ ಕೇಳ್ತಾನೇ ಇದ್ದೆಯಾ ಅಣ್ಣಾ? ಒಂದು ಸಲ ಹೂಂ ಅನ್ನಬಾರದಿತ್ತಾ?"

"ದಿನಾ ಅಂತಿದ್ದೆನಲ್ಲ ತಾಯಿ. ಮಾತಾಡಬೇಡ ಅಂದಿದ್ರು, ಕೆಮ್ಮಬೇಡ ಅಂದಿರಲಿಲ್ಲ."

ನೀತಿ ಇಷ್ಟೇ ಮಕ್ಕಳೇ. ಹಲವು ವಿದ್ಯೆ ಒಬ್ಬರೇ ಕಲಿಯಬೇಕಾದರೆ ಒಂದೊಂದಕ್ಕೂ ಅದರ ಹೊತ್ತು ಕೊಡಿ, ಹಿಡಿ ಹಿಡಿಯಾಗಿ ಕಲಿಯಿರಿ, ಪುಸ್ತಕ ಮುಚ್ಚಿ ಬಾಯಿಬಿಟ್ಟು ಹೇಳಿ. ಕೇಳೋರಿಲ್ಲ ಅಂತ ನಿಲ್ಲಿಸಬೇಡಿ. ಬಾಗಿಲ ಆಚೆ ಯಾರಿರುತ್ತಾರೋ ಯಾರಿಗೆ ಗೊತ್ತು?

ಕಥೆ ಮುಗೀತು. ಎಚ್ಚರ ಇದ್ದವರು ಒಂದು ಸಲ ಕೆಮ್ಮಿ, ನೋಡೋಣ.