ಹಲ್ಲುಸೆಟ್ಟಿನ ಒತ್ತೆ

ನಮ್ಮ ಶಿವನಂಜಯ್ಯ ಇಂಗ್ಲಿಷ್ ಪಾಠ ಹೇಳೋ ಕೆಲಸ ಹುಡುಕ್ಕೊಂಡು ಬ್ಯಾಂಕಾಕಿಗೆ ಹೋದ ನೋಡಿ. ಅಲ್ಲೊಂದು ಟ್ಯೂಷನ್ ಶಾಲೆ. ಅದರ ಯಜಮಾನನಿಗೆ ಬಾಯ್ತುಂಬ ಕಟ್ಟಿಸಿದ ಹಲ್ಲು. ಅವನು ನಕ್ರೆ ಬೀದಿಯಲ್ಲಿ ದೀಪವೇ ಬೇಡ!

"ಕೆಲಸ ಕೊಡ್ತೀನಿ. ಆದ್ರೆ ನಿನ್ನ ಪಾಸ್‌ಪೋರ್ಟ್ ನನ್ನ ಬೀರುವಲ್ಲಿರಬೇಕು" ಅಂದ.

ಶಿವನಂಜಯ್ಯನಿಗೆ ಅನುಮಾನ ಬಂತು. "ಯಾಕೆ ಸ್ವಾಮಿ?"

"ನೀನು ಓಡಿಹೋದ್ರೆ?"

ಕೊಟ್ರೆ ಊರಿನ ದಾರಿ ಮುಚ್ಚಿತು. ಕೊಡದಿದ್ರೆ ಕೆಲಸ ಹೋಯ್ತು. ಶಿವನಂಜಯ್ಯ ಕುರ್ಚಿ ಎಳ್ಕೊಂಡು ಕೂತ.

"ಸ್ವಾಮಿ, ನಮ್ಮೂರ ಸೈಕಲ್ ಶಾಪಲ್ಲಿ ಬಾಡಿಗೆ ಸೈಕಲ್ ಬೇಕಂದ್ರೆ ವಾಚು ಬಿಚ್ಚಿ ಒತ್ತೆ ಇಡಬೇಕು. ಒತ್ತೆ ಇಡೋದು ಸೈಕಲ್ ತಗೊಳ್ಳೋನು, ಸೈಕಲ್ ಅಲ್ಲ. ಇಲ್ಲಿ ಬಾಡಿಗೆ ಸೈಕಲ್ಲು ನಾನು, ತಗೊಳ್ಳೋರು ನೀವು. ಒತ್ತೆಗೆ ನಿಮ್ಮ ಆ ಹಲ್ಲುಸೆಟ್ಟು ಬಿಚ್ಚಿಡಿ."

ಯಜಮಾನ ಗಬಕ್ಕನೆ ಬಾಯಿ ಮುಚ್ಕೊಂಡ. "ಅಯ್ಯೋ, ಹಲ್ಲಿಲ್ದೆ ನಾನು ಊಟ ಮಾಡೋದು ಹೆಂಗಯ್ಯಾ?"

"ಪಾಸ್‌ಪೋರ್ಟ್ ಇಲ್ದೆ ನಾನು ಊರಿಗೆ ಹೋಗೋದು ಹೆಂಗೆ ಸ್ವಾಮಿ?"

ಯಜಮಾನ ಬಾಯಿಂದ ಕೈ ತೆಗೀಲೇ ಇಲ್ಲ. ಬೆರಳೊಳಗಿಂದಲೇ, "ನಿನ್ನದು ನಿನ್ನ ಹತ್ರಾನೇ ಇರ್ಲಿ. ನಾಳೆ ಪಾಠಕ್ಕೆ ಬಾ" ಅಂದ.

ಇದ್ರಲ್ಲಿ ಒಂದಕ್ಷರ ಸುಳ್ಳಿದ್ರೂ ನನ್ನ ಹಲ್ಲೆಲ್ಲ ಉದುರಿಹೋಗ್ಲಿ. ಇರೋದೇ ಎರಡು, ಅವೂ ಅಲ್ಲಾಡ್ತಿವೆ.